ಸ್ವಾಗತ ಭಾಷಣಕ್ಕೊಂದು ಜ್ಞಾಪಕಶಕ್ತಿ

ಜ್ಞಾಪಕಶಕ್ತಿ ಬೆಳೆಸಿಕೊಳ್ಳಲು ಹೊರಟವನನ್ನು, ಇರುವ ಮರ್ಯಾದೆಯನ್ನೂ ಕಳೆಯುವಂಥ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನಾನು ಅಂತರಸಂತೆ ಕಡೆಯ ಒಂದು ಹಳ್ಳಿಯ ಹಾಲಿನ ಡೈರಿ ಕಾರ್ಯದರ್ಶಿ. ಮೇಲಾಗಿ ಮನೆ ಅಳಿಯ. ಡೈರಿಯ ಹೊಸ ಕಟ್ಟಡಕ್ಕೆ ಜಾಗ ಕೊಟ್ಟವರು ನಮ್ಮ ಮಾವ. ಅದರ ಉದ್ಘಾಟನೆಗೆ ಸ್ವಾಗತ ಭಾಷಣ ನನ್ನ ತಲೆಗೆ ಬಂತು. ನಮ್ಮ ಕಡೆ ಸಾರಿಗೆ ಉಪ್ಪು ಕಮ್ಮಿಯಾದರೆ ಕ್ಷಮಿಸುತ್ತಾರೆ, ಸ್ವಾಗತದಲ್ಲಿ ಹೆಸರು ಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಮಾತಿಲ್ಲ. ಚೀಟಿ ನೋಡಿ ಓದುತ್ತೇನೆ ಅಂದರೆ ಮಾವ ಒಪ್ಪಲಿಲ್ಲ.

"ಚೀಟಿ ನೋಡ್ಕಂಡು ಕೂಗಕೆ ಅದೇನು ಇಸ್ಕೂಲ್ ಹಾಜ್ರಿಯಾ ಅಳಿಯಂದ್ರೇ? ಬಾಯಲ್ಲೇ ಹೇಳಿ. ನನ್ ಮಾನ ನಿಮ್ ಕೈಲದೆ."

ನನಗೋ ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ನಿಜವಾಗಿಯೂ ಭಯವಾಯಿತು.

ಒಂದೆಲಗ

ಒಂದೆಲಗದ ಚಟ್ನಿ ತಿಂದರೆ ನೆನಪು ಹೆಚ್ಚುತ್ತದೆ ಎಂದು ಹೆಂಡತಿ ಸಂತೆಗೆ ಅಟ್ಟಿದಳು. ಬರಿಗೈಲಿ ಬಂದೆ. ಮುಂದಿನ ವಾರ ಮತ್ತೆ ಅಟ್ಟಿದಳು. ಸೊಪ್ಪಿನ ಅಜ್ಜಿ ನನ್ನನ್ನು ಕಂಡಿದ್ದೇ ನಗತೊಡಗಿದಳು.

"ಓದ್ ವಾರ ಕಾಸು ಕೊಟ್ಟು ಒಂದೆಲಗ ಇಲ್ಲೇ ಬುಟ್ಟೋದ್ರಲ್ಲ ಅಣ್ಣಯ್ಯ!"

"ಹೌದಾ? ಅದೇನಾಯ್ತು?"

"ನಮ್ ಮೇಕೆ ತಿಂತು. ಅವತ್ತಿಂದ ಪಕ್ಕದೋರ ಹೊಲದ ದಾರಿ ಮರೆಯದೇ ಇಲ್ಲ ಕಣ್ರೀ ಅದು!"

ಟವಲ್ಲಿನ ಗಂಟು

ಟವಲ್ಲಿಗೆ ಗಂಟು ಹಾಕಿಕೊಂಡರೆ ಏನೂ ಮರೆಯುವುದಿಲ್ಲ ಅಂದರು ಹಳಬರು. ಗಣ್ಯರ ಹೆಸರು ಬಾಯಿಪಾಠ ಮಾಡುವುದು ಮರೆಯದಿರಲೆಂದು ಬೆಳಿಗ್ಗೆ ಒಂದು ಗಂಟು ಹಾಕಿದೆ. ಸಂಜೆ ಹಾಲು ಅಳೆಯುವಾಗ ನೋಡಿದರೆ ಎರಡು! ಇನ್ನೊಂದು ಯಾತಕ್ಕೆಂದು ತಲೆ ಕೆರೆದುಕೊಳ್ಳುತ್ತಾ ನಿಂತೆ. ಹಾಲು ತಂದವನೊಬ್ಬ ಮುಂದೆ ಬಂದ.

"ಅದು ನಂದು ಕಣಣ್ಣ. ನಮ್ ಹಸುಗೆ ಡಾಕ್ಟ್ರ ಕರೆಸ್ಬೇಕಿತ್ತು. ನನ್ ಟವಲ್ ಒಗ್ಯಕ್ ಹಾಕಿದ್ದೆ, ಅದ್ಕೆ ಬೆಳಿಗ್ಗೆ ಹಾಲು ತಂದಾಗ ನಿಮ್ದಕ್ಕೇ ಗಂಟು ಹಾಕ್ದೆ. ಫೋನ್ ಮಾಡುದ್ರಾ?"

ಮನೆ ತುಂಬ ಗಣ್ಯರು

ಕೊನೆಗೆ ಕೋಟೆ ಪಟ್ಟಣದಿಂದ ಬರುವ ಹೈಸ್ಕೂಲು ಮೇಷ್ಟ್ರು ಉಪಾಯ ಹೇಳಿಕೊಟ್ಟರು. "ಗಣ್ಯರನ್ನ ಮನಸ್ಸಲ್ಲೇ ನಿಮ್ಮ ಮನೆಯ ಒಂದೊಂದು ಕಡೆ ಕೂರಿಸಿ. ಭಾಷಣದಲ್ಲಿ ಮನಸ್ಸಲ್ಲೇ ಮನೆ ಸುತ್ತಿ ಬನ್ನಿ. ಸಾಲಾಗಿ ಸಿಗ್ತಾರೆ."

ಹಾಗೇ ಮಾಡಿದೆ. ಜಗುಲಿಯಲ್ಲಿ ತಹಶೀಲ್ದಾರರು, ಒಲೆ ಮುಂದೆ ಪಶುವೈದ್ಯರು, ಮಂಚದ ಮೇಲೆ ಬ್ಯಾಂಕ್ ಮ್ಯಾನೇಜರು. ಜಾಗ ಸಾಲದೆ ಡೈರಿ ಅಧ್ಯಕ್ಷರನ್ನು ಬಚ್ಚಲಮನೆಯ ಹಂಡೆ ಪಕ್ಕ ನಿಲ್ಲಿಸಿದೆ.

ಉದ್ಘಾಟನೆಯ ದಿನ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ. ಚಪ್ಪಾಳೆ ಬಿತ್ತು. ಬೀಗುತ್ತಾ ಬಂದು ಕೂತು ಪಕ್ಕಕ್ಕೆ ತಿರುಗಿದೆ. ವೇದಿಕೆಯಲ್ಲಿ ಎಲ್ಲರ ಕತ್ತಿನಲ್ಲೂ ಹಾರ; ಜಾಗ ಕೊಟ್ಟ ನಮ್ಮ ಮಾವನ ಕತ್ತು ಮಾತ್ರ ಖಾಲಿ. ಅವರ ಹೆಸರನ್ನೇ ಬಿಟ್ಟಿದ್ದೆ!

ಮನೆಗೆ ಬಂದರೆ ಹೆಂಡತಿ ಒಂದು ಚೊಂಬು ನೀರೂ ಕೊಡದೆ ಒಳಗೆ ಹೋದಳು. ಮಾವನ ಮುಂದೆ ಕೂತು ಯಾರ್ಯಾರನ್ನು ಎಲ್ಲೆಲ್ಲಿ ಇಟ್ಟಿದ್ದೆ ಎಂದು ಬಿಡಿಸಿ ಹೇಳಿದೆ. "ನೀವು ಹೆಂಗೂ ಮನೇಲೇ ಇದ್ದೀರಲ್ಲ ಮಾವ, ಮತ್ತೆ ಬೇರೆ ಯಾಕೆ ಕೂರಿಸ್ಬೇಕು ಅಂತ..."

"ಅಂದ್ರೆ ನನ್ ಮನೇಲಿ ಊರೋರ್ಗೆಲ್ಲ ಜಾಗ ಆಯ್ತು, ನಂಗ್ ಮಾತ್ರ ಇಲ್ಲ!"

ಮಾವ ಟವಲ್ಲನ್ನು ಹೆಗಲಿಗೆ ಎಸೆದುಕೊಂಡು ದಡಕ್ಕನೆ ಎದ್ದರು. ಮನೆ ಬಿಟ್ಟೇ ಹೊರಟರೇನೋ ಎಂದು ನಾನೂ ಹಿಂದೆಯೇ ಎದ್ದೆ. ನಾಲ್ಕು ಹೆಜ್ಜೆ ಇಟ್ಟವರು ನಿಂತು ತಿರುಗಿದರು.

"ಓಗ್ಲಿ ಬುಡಿ. ಮೊದ್ಲು ಆ ಅಧ್ಯಕ್ಷರ್ನ ಬಚ್ಚಲಿಂದ ಈಚೆಗೆ ಕಳ್ಸಿ ಅಳಿಯಂದ್ರೇ. ನಾನು ಮೈಗೆ ನೀರು ಉಯ್ಕಬೇಕು!"