ಅತ್ತೆಯ ಮೊಣಕಾಲು, ಮಾವನ ಪರೀಕ್ಷೆ

ನನ್ನ ಸೋದರಮಾವ ಪರೀಕ್ಷೆ ಮಾಡದೆ ನಂಬಿದ ವಸ್ತು ಈ ಭೂಮಿಯ ಮೇಲೆ ಇರಲಿಲ್ಲ. ಮುಂಡಗೋಡದ ಸಂತೆಯಲ್ಲಿ ಕೊಡೆ ಕೊಳ್ಳುವಾಗ ಅದರ ಕೆಳಗೆ ಅಂಗಡಿಯವನನ್ನೇ ನಿಲ್ಲಿಸಿ, ಮೇಲಿನಿಂದ ಒಂದು ಕೊಡ ನೀರು ಸುರಿದ ಮಹಾನುಭಾವರು ಅವರು! ಕೊಡೆ ಸೋರಲಿಲ್ಲ, ನಿಜ. ಆದರೆ ಆಮೇಲೆ ಮಾವ ದೂರದಲ್ಲಿ ಕಂಡರೂ ಸಾಕು, ಅಂಗಡಿಯವನು ಕೊಡೆಗಳನ್ನೆಲ್ಲ ಒಳಗೆ ಎತ್ತಿಡುತ್ತಿದ್ದ.

ಇಂಥವರ ಹೆಂಡತಿಗೆ ಸಂಧಿವಾತ ಬಂತು. ಹಳಿಯಾಳದ ಅವರ ಮನೆಯಲ್ಲಿ ದಿನಾ ರೊಟ್ಟಿಯ ಹಿಟ್ಟು ಬೀಸುವವಳು ಅತ್ತೆ. ಬೀಸಿ ಮುಗಿಸಿದ ಮೇಲೆ ಗೋಡೆ ಹಿಡಿಯದೆ ಏಳಲು ಆಕೆಗೆ ಆಗುತ್ತಿರಲಿಲ್ಲ. ಯುದ್ಧದ ಕಾಲ, ಪೇಟೆಯಲ್ಲಿ ನೋವಿನ ಮುಲಾಮು ಎಂಬುದೇ ಇರಲಿಲ್ಲ. ಲಕ್ಕಿ ಗಿಡದ ತಪ್ಪಲು, ಅಂದರೆ ಎಲೆ, ಬಿಸಿ ಮಾಡಿ ಕಟ್ಟಿರಿ ಎಂದರು ಹಿರಿಯರು. ಬೇರೆ ಯಾರಾದರೂ ಎರಡೂ ಮೊಣಕಾಲಿಗೆ ಕಟ್ಟಿ ದೇವರಿಗೆ ಕೈ ಮುಗಿಯುತ್ತಿದ್ದರು. ಮಾವ ಹಳ್ಳದ ದಂಡೆಯಿಂದ ತಪ್ಪಲು ತಂದು, ಹಂಚಿನ ಮೇಲೆ ಬಾಡಿಸಿ, ಹಳೆಯ ಧೋತರದ ತುಂಡಿನಿಂದ ಕಟ್ಟಿದ್ದು ಬಲಗಾಲಿಗೆ ಮಾತ್ರ!

"ಎಡಗಾಲು ಏನ್ ಪಾಪಾ ಮಾಡೇತ್ರಿ?" ಎಂದಳು ಅತ್ತೆ.

"ಅದು ಸಾಕ್ಷಿ," ಎಂದರು ಮಾವ. "ಎರಡಕ್ಕೂ ಕಟ್ಟಿದ್ರ, ಗುಣಾ ಮಾಡಿದ್ದು ತಪ್ಪಲೋ ದೇವರೋ ಹೆಂಗ ತಿಳೀಬೇಕು?"

ಬರಬರುತ್ತ ಬಲಗಾಲು ಹಗುರಾಯಿತು, ಎಡಗಾಲು ಹಾಗೇ ಇತ್ತು. ಮಾವ ಓಣಿಯ ತುಂಬ ಲಕ್ಕಿಯ ಮಹಿಮೆ ಸಾರಿಕೊಂಡು ಬಂದರು. ಬಂದು ಕೂತ ಮಾವನಿಗೆ ಅತ್ತೆ ನೀರು ಕೊಟ್ಟು, ಮೆಲ್ಲಗೆ ಹೇಳಿದಳು:

"ಬೀಸೂವಾಗ ನಾ ಬಲಗಾಲು ಚಾಚಿ, ಎಡಗಾಲು ಮಡಚಿ ಕೂಡ್ತೇನ್ರಿ. ಭಾರ ಎಲ್ಲಾ ಎಡಗಾಲಿಂದು."

ಮಾವ ನೀರು ಕುಡಿಯಲಿಲ್ಲ. ಲೋಕದ ಕೊಡೆಗಳನ್ನೆಲ್ಲ ಪರೀಕ್ಷಿಸಿದವರು, ಹೆಂಡತಿ ಬೀಸುವ ಕಲ್ಲಿನ ಮುಂದೆ ಹೇಗೆ ಕೂಡುತ್ತಾಳೆಂದು ಒಂದು ದಿನವೂ ನೋಡಿರಲಿಲ್ಲ.

ಮರುದಿನ ಕಲ್ಲಿನ ಸದ್ದು ಎಂದಿನಂತಿಲ್ಲವಲ್ಲ ಎಂದು ನೆರೆಯವರು ಇಣುಕಿದರೆ, ಗೂಟ ಹಿಡಿದು ಕೂತವರು ಮಾವ! ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ಎರಡೂ ಕಾಲಿಗೆ ಸಮನಾದ ವಿಶ್ರಾಂತಿ ಸಿಗದಿದ್ದರೆ ಪರೀಕ್ಷೆ ಸುಳ್ಳಾಗುತ್ತದೆ ಎಂದು ಮಾವ ತಲೆ ಎತ್ತದೆ ಉತ್ತರ ಕೊಟ್ಟರು. ಹಿಟ್ಟು ರವೆಯಂತಿತ್ತು. ತಟ್ಟುವಾಗ ಹರಿದ ರೊಟ್ಟಿಯನ್ನೇ ಮಾವ ಉಂಡರು.

ಮಳೆಗಾಲ ಕಳೆದು ನಾನು ಮತ್ತೆ ಹೋದಾಗಲೂ ಅವರೇ ಬೀಸುತ್ತಿದ್ದರು. ಹಿಟ್ಟು ಈಗ ಮೈದಾದಷ್ಟು ನುಣ್ಣಗೆ.

"ಪರೀಕ್ಷಾ ಇನ್ನೂ ಮುಗೀಲಿಲ್ಲೇನ್ರಿ, ಮಾವಾ?" ಎಂದೆ.

"ಎಲ್ಲಿ ಮುಗಿತೈತೋ ತಮ್ಮಾ, ಇನ್ನೂ ನಡದೈತಿ."

ಒಲೆಯ ಮುಂದೆ ಕೂತಿದ್ದ ಅತ್ತೆ ಗೋಡೆ ಹಿಡಿಯದೆ ಎದ್ದು, ಹಿಟ್ಟು ಒಯ್ಯಲು ಬಂದಳು. ಆಕೆಯ ಎರಡೂ ಮೊಣಕಾಲಿಗೆ ತಪ್ಪಲು ಕಟ್ಟಿತ್ತು.