ಈಶಾನ್ಯದ ತಗ್ಗು

ಮಣ್ಣು ಮುಟ್ಟದೆ ಮಣ್ಣಿನ ಲೆಕ್ಕ ಹಾಕುವುದರಲ್ಲಿರುವ ಸುಖ ಅನುಭವಿಸಿದವರಿಗೇ ಗೊತ್ತು. ನಾನು ಸಿವಿಲ್ ಎಂಜಿನಿಯರು ಎಂದರೆ ಸಾಕು, ಜನ "ಬಿಸಿಲಲ್ಲಿ ಬಹಳ ಕಷ್ಟ ಅಲ್ವಾ ಸಾರ್?" ಎಂದು ಮರುಗುತ್ತಿದ್ದರು. ಯಾವ ಬಿಸಿಲು? ಚಂದ್ರಾ ಲೇಔಟಿನ ದರ್ಶಿನಿಯೊಂದರ ಮೇಲಿದ್ದ ನಮ್ಮ ಆಫೀಸಿನಲ್ಲಿ ಎಸಿ ಇದ್ದದ್ದು ಒಂದೇ ಕೋಣೆಗೆ. ಅದನ್ನು ಹಾಕಿಸಿದ್ದು ನನಗಲ್ಲ, ಆಗಷ್ಟೇ ತಂದಿದ್ದ ರಸ್ತೆ-ಚರಂಡಿ ಸಾಫ್ಟ್‌ವೇರಿನ ಕಂಪ್ಯೂಟರಿಗೆ. ಆದರೆ ಕಂಪ್ಯೂಟರಿನ ಜೊತೆಗೆ ಒಬ್ಬ ಮನುಷ್ಯ ಬೇಕಲ್ಲ, ಆ ಪುಣ್ಯವಂತ ನಾನು. ಹೊರಗೆ ಮಿಕ್ಕವರೆಲ್ಲ ಏಪ್ರಿಲ್ ಸೆಕೆಯಲ್ಲಿ ಡ್ರಾಯಿಂಗ್ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರೆ ನಾನು ಸ್ವೆಟರ್ ತೊಟ್ಟು ಕೂತಿರುತ್ತಿದ್ದೆ. ಚಳಿ ಅಷ್ಟೇನೂ ಇರಲಿಲ್ಲ. ಅವರಿಗೆ ಕಾಣಲಿ ಅಂತ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಉಲ್ಲಾಳದ ಕಡೆಯ ಒಂದು ಹೊಸ ಲೇಔಟಿನಿಂದ. ಅಲ್ಲಿ ನೆಲವನ್ನು ಎಲ್ಲಿ ಕಡಿಯಬೇಕು, ಎಲ್ಲಿ ತುಂಬಬೇಕು, ಎಷ್ಟು ಮಣ್ಣು ಎಂದು ಹೇಳುವುದು ನನ್ನ ಕೆಲಸ. ಈಗಿರುವ ನೆಲ, ಮುಂದೆ ಆಗಬೇಕಾದ ನೆಲ, ಎರಡನ್ನೂ ಉಣಿಸಿದರೆ ಸಾಫ್ಟ್‌ವೇರು ವ್ಯತ್ಯಾಸ ಹೇಳುತ್ತದೆ. ನೈಋತ್ಯಕ್ಕೆ ಹಳ್ಳವಿದ್ದುದರಿಂದ ಚರಂಡಿಗಳೆಲ್ಲ ಅತ್ತ ಇಳಿಯುವಂತೆ ಮಟ್ಟ ಕೊಟ್ಟು ಗುಂಡಿ ಒತ್ತಿದೆ. ಬಂತು ನೋಡಿ ಉತ್ತರ! ಒಂದು ಮೂಲೆಯಲ್ಲಿ ಗುಡ್ಡ ಕಡಿಯಬೇಕಂತೆ, ಎದುರು ಮೂಲೆಯಲ್ಲಿ ಕೆರೆ ಮುಚ್ಚಬೇಕಂತೆ. ನಮ್ಮ ಬಾಸ್ ರುದ್ರಪ್ಪನವರು ಕನ್ನಡಕ ಹಣೆಗೇರಿಸಿ, "ಏನ್ರೀ ಇದು? ಲೇಔಟ್ ಮಾಡ್ತಾ ಇದೀವಾ, ಡ್ಯಾಮ್ ಕಟ್ತಾ ಇದೀವಾ? ಸೋಮವಾರ ಓನರ್ ಬರ್ತಾರೆ. ಅಷ್ಟ್ರಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ನೀವು ಹೋಗಿ ಜೆಸಿಬಿ ಪಕ್ಕ ನಿಂತ್ಕೊಳಿ, ಈ ಕೋಣೇಲಿ ಬೇರೆಯೋರು ಕೂತ್ಕೊತಾರೆ" ಎಂದರು.

ಅಡಿಯ ಜಾಗದಲ್ಲಿ ಮೀಟರು ಕೂತಿದೆಯೇ ಎಂದು ನೋಡಿದೆ, ಇಲ್ಲ. ನೆಲವನ್ನು ತ್ರಿಕೋನಗಳಾಗಿ ಕತ್ತರಿಸಿಕೊಂಡು ಲೆಕ್ಕ ಹಾಕುವುದು ಅದರ ಪದ್ಧತಿ. ಅನುಮಾನ ಬಂದ ತ್ರಿಕೋನಗಳನ್ನೆಲ್ಲ ಅಳಿಸಿದೆ, ಮಣ್ಣು ಇನ್ನೂ ಹೆಚ್ಚಿತು. ಸಾಫ್ಟ್‌ವೇರು ಮಾರಿದವನಿಗೆ ಫೋನ್ ಮಾಡಿದರೆ "ಸಾರ್, ಒಂದ್ಸಲ ರೀಸ್ಟಾರ್ಟ್ ಮಾಡಿ" ಅಂದ. ಮಾಡಿದೆ. ಅದೇ ಗುಡ್ಡ, ಅದೇ ಕೆರೆ. "ಹಾಗಾದ್ರೆ ತೆಗೆದು ಮತ್ತೆ ಹಾಕಿ" ಅಂದ. ಹೆಂಡತಿ ಮುನಿಸಿಕೊಂಡರೂ ಈ ಮಹಾನುಭಾವರು ಇದನ್ನೇ ಮಾಡುತ್ತಾರೇನೋ. ಕೊನೆಗೆ, ಆಯುಧಪೂಜೆಯಲ್ಲಿ ಮಾನಿಟರಿಗೆ ಇಟ್ಟ ಕುಂಕುಮ ಅಳಿಸಿಹೋಗಿದ್ದು ಕಂಡು ಮತ್ತೆ ಇಟ್ಟೆ. ನಗಬೇಡಿ, ಎಸಿ ಹೋಗುತ್ತದೆ ಎಂದರೆ ನೀವೂ ಇಡುತ್ತೀರಿ.

ಉಳಿದದ್ದು ಜಾಗ ನೋಡುವುದೊಂದೇ. ಅದುವರೆಗೆ ನೋಡಿರಲಿಲ್ಲ, ಎಸಿ ಬಿಟ್ಟು ಉಲ್ಲಾಳದ ಬಸ್ಸಿನಲ್ಲಿ ಯಾರು ನೇತಾಡುತ್ತಾರೆ ಹೇಳಿ. ಅಂತೂ ಹೋಗಿ, ಈಶಾನ್ಯ ಮೂಲೆಯಲ್ಲಿ ನಿಂತು ಬೆವರು ಒರೆಸಿಕೊಳ್ಳುವಾಗ ಕೈಯಲ್ಲಿದ್ದ ನೀರಿನ ಬಾಟಲಿ ಜಾರಿತು. ಬಿದ್ದದ್ದು ಸುಮ್ಮನಿರದೆ ಉರುಳುತ್ತ ನೈಋತ್ಯಕ್ಕೆ ಹೊರಟಿತು, ಹಿಂದೆ ನಾನು. ಓಡುತ್ತ ಓಡುತ್ತ ಹೊಳೆಯಿತು: ಕಂಪ್ಯೂಟರಿನ ನೆಲ ಇದಕ್ಕೆ ಪೂರಾ ಉಲ್ಟಾ! ಅಲ್ಲಿ ಈಶಾನ್ಯವೇ ತಗ್ಗು, ನೈಋತ್ಯವೇ ಎತ್ತರ. ಸರ್ವೆಯವರನ್ನು ಬಾಯಿ ತುಂಬ ಬೈದುಕೊಂಡು ಆಫೀಸಿಗೆ ಬಂದೆ.

"ಓ, ಅದಾ!" ಎಂದರು ರುದ್ರಪ್ಪನವರು, "ಸರ್ವೆಯೋರನ್ನ ಯಾಕ್ ಬೈತೀರಾ, ಅದನ್ನ ನಾನೇ ತಿದ್ದಿದ್ದು ಕಣ್ರೀ. ವಾಸ್ತುಗೆ ಈಶಾನ್ಯ ತಗ್ಗಿರ್ಬೇಕು ಅಂತ ಓನರ್ ಒಂದೇ ಹಟ. ಸರ್ವೆ ಫೈಲಲ್ಲಿ ನಂಬರ್ ಬದಲಾಯಿಸಿದೆ, ಡ್ರಾಯಿಂಗ್ ಲಕ್ಷಣವಾಗಿ ಬಂತು. ಪೇಪರ್ ಮೇಲೆ ತಾನೇ!" ಪಾಪ, ಇಡೀ ಆಫೀಸಿನಲ್ಲಿ ಆ ಪೇಪರನ್ನು ನಂಬಿದ್ದು ಸಾಫ್ಟ್‌ವೇರು ಒಂದೇ. ಅದಕ್ಕೇ ಅದು ಇಲ್ಲದ ಗುಡ್ಡ ಕಡಿದು ಇಲ್ಲದ ಕೆರೆ ಮುಚ್ಚಲು ಹೊರಟಿತ್ತು.

"ಒಂದ್ ಕೆಲ್ಸ ಮಾಡಿ," ಎಂದರು ಬಾಸ್, "ಎರಡು ನೆಲ ಇಟ್ಕೊಳಿ. ನಿಜವಾದ್ದು ಜೆಸಿಬಿಗೆ, ತಿದ್ದಿದ್ದು ಸೈಟ್ ತಗೊಳೋರಿಗೆ."

"ಸಾರ್, ಅದನ್ನ ನಂಬ್ಕೊಂಡು ಜನ ಮನೆ ಕಟ್ತಾರಲ್ಲ?"

"ಎಸಿ ತಣ್ಣಗಿದ್ಯೇನ್ರೀ?"

ತಣ್ಣಗಿತ್ತು. ಎರಡು ನೆಲ ಮಾಡಿ, ಎರಡು ಡ್ರಾಯಿಂಗಿಗೂ ಸೈನ್ ಹಾಕಿದೆ. ನಿಜವಾದ ಮಟ್ಟ ಹಾಕಿದೊಡನೆ ಗುಡ್ಡವೂ ಮಾಯ, ಕೆರೆಯೂ ಮಾಯ. ಸೋಮವಾರ ಬಂದ ಓನರು ಡ್ರಾಯಿಂಗಿನ ಈಶಾನ್ಯ ಮೂಲೆಗೆ ಕೈಮುಗಿದು ಹೋದರು. ನನ್ನ ಕೋಣೆ ನನಗೇ ಉಳಿಯಿತು.

ಕೆಲವು ವರ್ಷಗಳಾದ ಮೇಲೆ ನಮ್ಮ ಮಾವನವರು ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೆ ಪೇಡದ ಡಬ್ಬಿ ಹಿಡಿದು ಬಂದರು. ಮಗಳ ಹೆಸರಿಗೆ ಸೈಟು ಕೊಂಡಿದ್ದರಂತೆ. "ನೋಡಿ ಅಳಿಯಂದಿರೇ, ನಿಮ್ಮ ಸೈನೇ ಇದೆ ಡ್ರಾಯಿಂಗ್ ಮೇಲೆ! ಈಶಾನ್ಯ ಏನ್ ತಗ್ಗಿದೆ ಅಂತೀರಾ!" ಅದೇ ಉಲ್ಲಾಳದ ಲೇಔಟು. ನಾನು ಇನ್ನೊಂದು ಪೇಡ ಬಾಯಿಗೆ ಹಾಕಿಕೊಂಡೆ. ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳಲಿಲ್ಲ. ಈಶಾನ್ಯಕ್ಕೇ ಬಾಗಿಲಿಟ್ಟು ನಮಗೆ ಮನೆ ಕಟ್ಟಿಸಿಕೊಟ್ಟರು. ಈಗ ಜೋರು ಮಳೆ ಬಂದಾಗಲೆಲ್ಲ ನೀರು ಮುಂಬಾಗಿಲಿನಿಂದ ಒಳಬಂದು, ನಡುಮನೆ ದಾಟಿ, ಅಡಿಗೆಮನೆಯತ್ತ ನಡೆಯುತ್ತದೆ.

"ಈಶಾನ್ಯದಿಂದ ಗಂಗಮ್ಮ ಬಂದ್ರೆ ಶುಭ ಅಂತಾರೆ ಅಪ್ಪ," ಎನ್ನುತ್ತಾಳೆ ಹೆಂಡತಿ ಸೀರೆ ಎತ್ತಿಕಟ್ಟಿಕೊಂಡು, "ಆದ್ರೂ ತಗ್ಗಿರೋ ಕಡೆಯಿಂದ ನೀರು ಹೆಂಗ್ರೀ ಹತ್ಕೊಂಡ್ ಬರುತ್ತೆ? ನೀವು ಎಂಜಿನಿಯರಲ್ವಾ, ಹೇಳಿ." ನಾನು ಬಕೆಟ್ ಹುಡುಕುತ್ತೇನೆ. ಮನೆಗೆ ಎಸಿ ಹಾಕಿಸುವ ಅಗತ್ಯ ಮಾತ್ರ ಬಂದಿಲ್ಲ, ನೆಲ ತಣ್ಣಗಿದೆ.