ಚೌತಿ ಚಂದ್ರನ ಫೋಟೋ

ಮನುಷ್ಯನಿಗೆ ಒಂದು ಚಟ ಇರಲಿ, ಬೇಡವೆನ್ನುವುದಿಲ್ಲ. ಆದರೆ ಅದು ಓಣಿಯವರಿಗೆ ಅರ್ಥವಾಗುವಂಥ ಚಟವಾಗಿರಬೇಕು. ತಂಬಾಕು ತಿನ್ನುವವನನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಇಸ್ಪೀಟಾಡಿ ಹೊತ್ತು ಮುಳುಗಿಸುವವನನ್ನು ಹೆಂಡತಿ ಬೈದಾಳು, ಊರು ಬೈಯುವುದಿಲ್ಲ. ಊರು ಅವನ ಪಕ್ಕದಲ್ಲೇ ಎಲೆ ಹಿಡಿದು ಕೂತಿರುತ್ತದೆ. ನಾನು ಹಿಡಿದದ್ದು ಚಂದ್ರನ ಮೈಮೇಲಿನ ಕುಳಿಗಳ ಫೋಟೋ ತೆಗೆಯುವ ಚಟ. ನಿಜಾಮರ ಕಾಲದ ಅಫಜಲಪುರದಲ್ಲಿ ಗಣಿತದ ಮಾಸ್ತರನೊಬ್ಬ ಸಂಜೆಯಾದೊಡನೆ ಮಾಳಿಗೆ ಹತ್ತಿ, ಹಿತ್ತಾಳೆಯ ಕೊಳವೆಯೊಂದಕ್ಕೆ ಒಂದೇ ಕಣ್ಣು ಹಚ್ಚಿ ನಿಂತರೆ ಜನ ಏನೆಂದುಕೊಳ್ಳಬೇಕು? ಕಡಗಂಚಿಯ ಕಡೆಯವಳಾದ ನನ್ನ ಹೆಂಡತಿಗೆ ಮಾತು ಸುತ್ತಿ ಬಳಸಿ ಗೊತ್ತಿಲ್ಲ. "ನಮ್ಮ ತಂಗಿ ಲಗ್ನದಾಗ ಒಂದು ಫೋಟೋ ತಗೀರಿ ಅಂದ್ರ ಒಲ್ಲೆ ಅಂದ್ರಿ. ಆ ಚಂದ್ರಾಮ ಏನ್ ನಿಮಗ ಬೀಗ ಹತ್ತಬೇಕೇನ್ರಿ?" ಎಂದು ಕೇಳುತ್ತಿದ್ದಳು. ಬೀಗನಾಗಿದ್ದರೆ ಅವನೂ ನನ್ನನ್ನು ಇಷ್ಟು ಗೋಳು ಹೊಯ್ದುಕೊಳ್ಳುತ್ತಿರಲಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ದುರ್ಬೀನು ಸೊಲ್ಲಾಪುರದ ಹಳೆ ಸಾಮಾನಿನ ಅಂಗಡಿಯದು. ಅದರ ಹಿಂದೆ, ಫಿಲ್ಮಿನ ಬದಲು ಗಾಜಿನ ಪ್ಲೇಟು ಹಾಕುವ ನನ್ನ ಕ್ಯಾಮೆರಾವನ್ನು ಹೆಂಡತಿಯ ಹಳೆ ಇಳಕಲ್ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದ್ದೆ. ವಿಜ್ಞಾನಕ್ಕೆ ಆ ಅಂಚು ಮಾಡಿದ ಸೇವೆಯನ್ನು ಆಕೆ ಕೊನೆಯವರೆಗೂ ಕ್ಷಮಿಸಲಿಲ್ಲ. ಈ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಚಂದ್ರನಿಗೆ ತಲೆ ಯಾವುದು ಕಾಲು ಯಾವುದೆಂದು ಯಾರಿಗೂ ಗೊತ್ತಿಲ್ಲವಾದ್ದರಿಂದ ಅದೇನೂ ತೊಂದರೆಯಿಲ್ಲ. ತೊಂದರೆ ಬೇರೆಯದೇ: ಅವನು ನಿಲ್ಲುವುದಿಲ್ಲ. ಕ್ಯಾಮೆರಾದ ಹಿಂಬದಿಯ ಗಾಜಿನ ಮೇಲೆ ತಂದು ಕೂರಿಸಿ, ಪ್ಲೇಟು ತುರುಕಿ, ಉಸಿರು ಬಿಗಿಹಿಡಿದು ಮುಚ್ಚಳ ತೆಗೆಯುವಷ್ಟರಲ್ಲಿ ಆತ ಅರ್ಧ ಹೊರಗೆ ನಡೆದಿರುತ್ತಾನೆ. ಮೊದಮೊದಲು ನಾನು ಹುಣ್ಣಿಮೆಯಂದೇ ಫೋಟೋ ತೆಗೆಯುತ್ತಿದ್ದೆ. ಚಂದ್ರ ತುಂಬಿದಷ್ಟೂ ಕುಳಿ ಹೆಚ್ಚು ಕಂಡಾವೆಂಬ ಶುದ್ಧ ಗಣಿತ. ಬಂದದ್ದು ಮಾತ್ರ ಬಿಳಿ ಜೋಳದ ರೊಟ್ಟಿಯ ಫೋಟೋಗಳು. ಆಮೇಲೆ ತಿಳಿಯಿತು, ಬೆಳಕು ನೆತ್ತಿಯ ಮೇಲೆ ಬಿದ್ದರೆ ಕುಳಿಗಳಿಗೆ ನೆರಳಿರುವುದಿಲ್ಲ. ಚಂದ್ರ ಎಳೆಯನಾಗಿದ್ದಾಗ, ಬೆಳಕು ಓರೆಯಾಗಿ ಬಿದ್ದಾಗ, ಬೆಳಕು-ಕತ್ತಲೆ ಕೂಡುವ ಅಂಚಿನಲ್ಲೇ ಅವು ಬಾಯ್ದೆರೆದು ಕಾಣುತ್ತವೆ. ಎಂದರೆ ತದಿಗೆ, ಚೌತಿ, ಪಂಚಮಿಗಳೇ ನನಗೆ ಪ್ರಶಸ್ತವಾದ ತಿಥಿಗಳು.

ಯುದ್ಧದ ದಿನಗಳು ಅವು. ಸೊಲ್ಲಾಪುರದಲ್ಲೂ ಪ್ಲೇಟು ಸಿಗುತ್ತಿರಲಿಲ್ಲ. ನನ್ನ ಬಳಿ ಉಳಿದದ್ದು ಒಂದೇ ಒಂದು. ಅದನ್ನು ಹರಳಿನಂತೆ ಕಾಪಾಡಿಕೊಂಡು ಶ್ರಾವಣ ಪೂರ್ತಿ ಕಾದೆ. ಒಂದು ಸಂಜೆಯಾದರೂ ಮೋಡ ಬಿಟ್ಟುಕೊಡಲಿಲ್ಲ. ಭಾದ್ರಪದ ಬಂತು, ತದಿಗೆಯಂದೂ ಮಳೆ. ಮರುದಿನ ಸಂಜೆ ಯಾರೋ ಕಸಬರಿಗೆಯಿಂದ ಗುಡಿಸಿದಂತೆ ಆಕಾಶ ಸ್ವಚ್ಛವಾಯಿತು. ಅಂದು ಗಣೇಶ ಚೌತಿ.

ಚೌತಿಯ ಚಂದ್ರನನ್ನು ನೋಡಿದವರಿಗೆ ಮಾಡದ ತಪ್ಪಿನ ಅಪವಾದ ಬರುತ್ತದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಸಾಕ್ಷಾತ್ ಕೃಷ್ಣನನ್ನೇ ಅದು ಬಿಡಲಿಲ್ಲವಂತೆ. ನಮ್ಮ ಓಣಿಯಲ್ಲಿ ಅಂದು ಹೊತ್ತು ಮುಳುಗಿದ ಮೇಲೆ ಜನ ಕತ್ತು ಬಗ್ಗಿಸಿಯೇ ತಿರುಗಾಡುತ್ತಿದ್ದರು. ಹಿತ್ತಲಿಗೆ ಹೋಗಬೇಕಾದರೂ ಕೊಡೆ ಹಿಡಿಯುತ್ತಿದ್ದರು. ನಾನು ಮಾಳಿಗೆಯ ಮೆಟ್ಟಿಲಿಗೆ ಕಾಲಿಟ್ಟದ್ದನ್ನು ಕಂಡು ಹೆಂಡತಿ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಓಡಿಬಂದಳು. "ಇವತ್ತೊಂದಿನ ಬ್ಯಾಡ್ರಿ. ನಿಮಗ ಕೈ ಮುಗೀತೇನಿ." "ಅವೆಲ್ಲ ಕಟ್ಟುಕಥೆ," ಎಂದೆ, ಪಾಠ ಹೇಳುವ ಧ್ವನಿಯಲ್ಲಿ. "ಅದರ ಮ್ಯಾಲ ನಾ ಅವನ್ನ ನೆಟ್ಟಗ ನೋಡಾಂವಲ್ಲ. ದುರ್ಬೀನದಾಗ ಉಲ್ಟಾ ನೋಡ್ತೇನಿ." ಆ ಎರಡನೆಯ ಮಾತನ್ನು ಯಾಕೆ ಸೇರಿಸಿದೆನೋ ನನಗೆ ಇಂದಿಗೂ ತಿಳಿಯದು.

ನಮ್ಮ ಮನೆ ಗುರಣಗೌಡರದು. ನಾವು ಬಾಡಿಗೆಗೆ ಇದ್ದವರು. ಗೌಡರ ವಾಡೆ ಓಣಿಯ ಪಡುವಣ ತುದಿಯಲ್ಲಿತ್ತು, ಎಳೆ ಚಂದ್ರ ಇಳಿಯುವುದೂ ಅದರ ಮೇಲೆಯೇ. ದುರ್ಬೀನನ್ನು ಚಂದ್ರನಿಗೆ ಹಚ್ಚುವ ಮುಂಚೆ ದೂರದ ಯಾವುದಾದರೂ ವಸ್ತುವಿಗೆ ಹಚ್ಚಿ ನೋಟ ಸರಿಮಾಡಿಕೊಳ್ಳುವುದು ನನ್ನ ಪದ್ಧತಿ. ಮಬ್ಬಿನಲ್ಲಿ ಗುಡಿಯ ಕಳಸ ಕಾಣಲಿಲ್ಲ, ಬೇವಿನ ಮರ ಕಾಣಲಿಲ್ಲ. ವಾಡೆಯ ಅಡಿಗೆಮನೆಯ ಕಿಟಕಿಯಲ್ಲಿ ಒಂದು ದೀಪ ಉರಿಯುತ್ತಿತ್ತು. ಅದಕ್ಕೇ ಹಚ್ಚಿದೆ. ತಿರುಪು ತಿರುವುತ್ತ ಹೋದಂತೆ ಮಸುಕು ಕರಗಿ, ಗೌಡರ ತಾಯಿ ನೀಲಮ್ಮಾಯಿ ತಲೆಕೆಳಗಾಗಿ ಮೂಡಿಬಂದಳು. ವೈದ್ಯರು ಆಕೆಗೆ ಸಿಹಿ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ್ದು ಊರಿಗೆಲ್ಲ ಗೊತ್ತಿತ್ತು. ಆಕೆಯ ಕೈ ನೆಲುವಿನ ಮೇಲಿನ ಗಡಿಗೆಯೊಳಗಿತ್ತು. ಕರಜಗಿಯ ಕಬ್ಬಿನ ಬೆಲ್ಲದ ದೊಡ್ಡದೊಂದು ತುಣುಕು ಹೊರಬಂದು, ನನ್ನ ಲೆಕ್ಕದಲ್ಲಿ ಕೆಳಗಿನಿಂದ ಮೇಲಕ್ಕೆ ಪ್ರಯಾಣ ಮಾಡಿ, ಬಾಯಿಯೊಳಗೆ ಮರೆಯಾಯಿತು. ಇಷ್ಟು ಸ್ಪಷ್ಟವಾಗಿ ನನ್ನ ದುರ್ಬೀನು ಎಂದೂ ಏನನ್ನೂ ತೋರಿಸಿರಲಿಲ್ಲ. ಆಕೆ ತಿರುಗಿ ಕಿಟಕಿಯಾಚೆ ನೋಡಿದಳು. ನಾನು ಥಟ್ಟನೆ ಕೊಳವೆಯನ್ನು ಮೇಲೆತ್ತಿದೆ.

ಆಮೇಲೆ ಚಂದ್ರ. ಆ ಸಂಜೆ ಅವನು ಯಾಕೋ ನನ್ನ ಮಾತು ಕೇಳಿದ. ಮುಚ್ಚಳ ತೆಗೆದು ಮನಸ್ಸಿನಲ್ಲೇ ಎಣಿಸಿ ಮುಚ್ಚಿದೆ. ಉಗ್ರಾಣದಲ್ಲಿ ಕಂದೀಲಿಗೆ ಕೆಂಪು ಬಟ್ಟೆ ಸುತ್ತಿಕೊಂಡು ಪ್ಲೇಟು ತೊಳೆದೆ, ಮರುದಿನ ಬಿಸಿಲಿನಲ್ಲಿ ಕಾಗದದ ಮೇಲೆ ಇಳಿಸಿದೆ. ಬಂತು! ಕೊಡಲಿಯ ಬಾಯಿಯಂತೆ ಬಾಗಿದ ಬೆಳಕು, ಅದರ ನಡುವೆ ಒಣಗಿದ ಕೆರೆಯಂಥ ಕಪ್ಪು ಬಯಲು, ಒಳ ಅಂಚಿನುದ್ದಕ್ಕೂ ಕುಳಿಗಳು, ಒಂದೊಂದರಲ್ಲೂ ಅರ್ಧ ಬೆಳಕು, ಅರ್ಧ ಕತ್ತಲೆ. ನನಗೆ ಕಣ್ಣು ತುಂಬಿ ಬಂತು. ಯಾರಿಗಾದರೂ ತೋರಿಸಬೇಕೆಂದು ಜೀವ ಹಾತೊರೆಯಿತು. ಹೆಂಡತಿಯನ್ನು ಕರೆದರೆ ಅವಳು ಗೋಡೆಯ ಕಡೆ ಮುಖ ಮಾಡಿಕೊಂಡು, "ಅದನ್ನ ಮದ್ಲ ಒಳಗ ಇಡ್ರಿ. ಗೌಡ್ರ ಮನಿಯಿಂದ ಕರಿ ಬಂದದ," ಎಂದಳು.

ನೀಲಮ್ಮಾಯಿಯ ಸೊಸೆ, ಎಂದರೆ ಗೌಡರ ಹೆಂಡತಿ, ಹಿಂದಿನ ಸಂಜೆ ಅಂಗಳದಲ್ಲಿ ದೀಪ ಇಡುವಾಗ ನನ್ನ ದುರ್ಬೀನು ಅಡಿಗೆಮನೆಯತ್ತ ಹೊಳೆದದ್ದನ್ನು ಕಂಡಿದ್ದಳಂತೆ. ನಾನಿದ್ದದ್ದು ಮೂಡಣ ದಿಕ್ಕಿಗೆ. ನನ್ನನ್ನು ನೋಡಲು ಯಾರಿಗೂ ದೋಷವಿರಲಿಲ್ಲ, ಚಂದ್ರನನ್ನು ನೋಡಲು ಮಾತ್ರ ದೋಷ. ಆದ್ದರಿಂದ ನನ್ನನ್ನು ಕಂಡವರು ಓಣಿಯ ತುಂಬ ಇದ್ದರು, ಚಂದ್ರನನ್ನು ಕಂಡವನು ಒಬ್ಬನೂ ಇರಲಿಲ್ಲ. ವಾಡೆಯ ಕಟ್ಟೆಯ ಮೇಲೆ ಗೌಡರು ಕೂತಿದ್ದರು, ಪಕ್ಕದಲ್ಲಿ ಗುಡಿಯ ಅಯ್ಯನವರು.

"ಮಾಸ್ತರ್ರಿ, ನೀವು ಕಲ್ತವರು," ಎಂದರು ಗೌಡರು. "ಹೆಣ್ಮಕ್ಕಳು ಇರೂ ಮನಿ ಕಡಿ ದುರ್ಬೀನು ಹಚ್ಚೂದು ಚಂದ ಅಲ್ರಿ. ಸುಮ್ಮ ಮನಿ ಖಾಲಿ ಮಾಡ್ರಿ. ಊರ ತುಂಬ ಯಾಕ ಮಾತು?"

ಮನೆ ಹೋದರೆ ಇನ್ನೊಂದು ಸಿಕ್ಕೀತು. ಇಂಥ ಮಾತು ಬೆನ್ನಿಗೆ ಹತ್ತಿಸಿಕೊಂಡ ಮಾಸ್ತರನಿಗೆ ಅಫಜಲಪುರದಲ್ಲಿ ಮನೆ ಇರಲಿ, ನೀರು ಕೊಡುವವರೂ ಸಿಗುವುದಿಲ್ಲ. ಆದರೆ ಕಿಸೆಯಲ್ಲಿ ಸಾಕ್ಷಿಯಿತ್ತಲ್ಲ! ವಸ್ತ್ರದಲ್ಲಿ ಸುತ್ತಿದ ಫೋಟೋ ಹೊರತೆಗೆದು, "ನಾ ನೋಡಿದ್ದು ಚಂದ್ರಾಮನ್ನ ರೀ. ಇಲ್ಲಿ ನೋಡ್ರಿ ಫೋಟೋ," ಎಂದೆ.

ಇಬ್ಬರೂ ಒಟ್ಟಿಗೇ ಮುಖ ತಿರುಗಿಸಿದರು. "ಯಾವತ್ತಿನ ಚಂದ್ರಾಮ?" ಎಂದು ಗೌಡರು ತೊಲೆಯನ್ನು ಕೇಳಿದರು.

"ನಿನ್ನಿದು ರೀ."

"ಶಿವ ಶಿವಾ! ಮುಚ್ರಿ ಅದನ್ನ!"

ಇದು ಬರೀ ಕಾಗದ, ಕಾಗದಕ್ಕೆಂಥ ದೋಷ ಎಂದು ನಾನು ವಾದ ಹೂಡಿದೆ. ಅಯ್ಯನವರು ಕಂಬದ ಕಡೆ ಮುಖ ಇಟ್ಟುಕೊಂಡೇ ಶಾಂತವಾಗಿ ಕೇಳಿದರು: "ಮಾಸ್ತರ್ರಿ, ದೇವರ ಪಟಕ್ಕ ಕೈ ಮುಗಿದ್ರ ದೇವರಿಗಿ ಮುಟ್ಟತದೋ ಇಲ್ಲೋ?"

"ಮುಟ್ಟತದ್ರಿ."

"ಹಂಗಾದ್ರ ಚೌತಿ ಚಂದ್ರಾಮನ ಪಟ ನೋಡಿದ್ರ?"

ಹತ್ತು ವರ್ಷ ಗಣಿತ ಕಲಿಸಿದವನು ಲೆಕ್ಕ ಹಾಕಿ ನೋಡಿದೆ. ಸಾಕ್ಷಿ ನಿಜವಾದರೆ ಅದನ್ನು ಯಾರೂ ನೋಡುವಂತಿಲ್ಲ. ನೋಡಲು ಒಪ್ಪಬೇಕಾದರೆ ಅದು ಚೌತಿ ಚಂದ್ರನದಲ್ಲವೆಂದು ನಾನೇ ಹೇಳಬೇಕು. ಹಾಗೆ ಹೇಳಿದರೆ ಅದು ಸಾಕ್ಷಿಯೇ ಅಲ್ಲ. ಇನ್ನೊಂದು ಸಾಕ್ಷಿಯೂ ನನ್ನಲ್ಲಿತ್ತು, ಬೆಲ್ಲದ್ದು. ಅದನ್ನು ಹೇಳಿದರಂತೂ ಅಡಿಗೆಮನೆ ನೋಡಿದ್ದನ್ನು ನಾನೇ ಒಪ್ಪಿಕೊಂಡಂತೆ. ಫೋಟೋವನ್ನು ಮತ್ತೆ ವಸ್ತ್ರದಲ್ಲಿ ಸುತ್ತತೊಡಗಿದೆ.

ಅಷ್ಟರಲ್ಲಿ ಒಳಗಿನಿಂದ ನೀಲಮ್ಮಾಯಿ ಕೋಲೂರುತ್ತ ಬಂದಳು. "ಇಲ್ಲಿ ತಾ ಅದನ್ನ. ಗಂಡಸರಾಗಿ ಹೆದರ್ತೀರಿ. ಸಾಯೂ ವಯಸ್ಸಿನ್ಯಾಗ ನನಗ್ಯಾವ ಅಪವಾದ ಬರ್ತದ?" ಎಂದು ಫೋಟೋ ಕಿತ್ತುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲೂ ಆಕೆ ಕುಳಿಗಳ ಬಗ್ಗೆ ಒಂದು ಒಳ್ಳೆ ಮಾತು ಆಡಲಿ ಎಂದೇ ಆಸೆಪಡುತ್ತಿದ್ದೆ.

"ನೋಡು ಗುರಣ್ಣ," ಎಂದಳು ಮಗನಿಗೆ. "ಹೆಣ್ಮಕ್ಕಳ ನೋಡೂ ಚಟ ಇದ್ದಾಂವ ಇಂಥಾ ಮೈಲಿಬ್ಯಾನಿ ಕಲಿ ಬಿದ್ದ ಮಾರಿ ಫೋಟೋ ತಗೀತಾನೇನು? ಇವನ ಕಣ್ಣಾಗ ಏನೂ ಕೆಟ್ಟಿಲ್ಲ. ಕೆಟ್ಟಿದ್ದು ತಲ್ಯಾಗ. ಪಾಪ, ಇರ್ಲಿ ಬಿಡು."

ಗೌಡರಿಗೆ ಈ ತೀರ್ಪು ತಟ್ಟನೆ ಮನಸ್ಸಿಗೆ ಬಂತು. ಅವರ ಮುಖದ ಮೇಲೆ ಸಿಟ್ಟಿದ್ದ ಜಾಗದಲ್ಲಿ ಕನಿಕರ ಮೂಡಿತು. ನಿರಪರಾಧಿಯೆಂದು ಬಿಡುಗಡೆಯಾಗುವ ಕನಸು ಕಂಡವನು ಹುಚ್ಚನೆಂದು ಬಿಡುಗಡೆಯಾದೆ. ಫೋಟೋ ಮರಳಿ ಕೊಡುವಾಗ ಆಯಿ ದನಿ ತಗ್ಗಿಸಿ ಕೇಳಿದಳು: "ದುರ್ಬೀನದಾಗ ಮತ್ತೇನರ ಕಂಡಿತ್ತೇನೋ?"

"ಇಲ್ಲಾಯಿ. ಚಂದ್ರಾಮ ಒಬ್ಬನ."

"ಶಾಣ್ಯಾ ಇದ್ದಿ," ಎಂದು ಒಳಗೆ ಹೋದಳು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಗಣಪತಿಯನ್ನು ನೀರಿಗೆ ಬಿಟ್ಟ ಮರುದಿನ ವಾಡೆಯಲ್ಲಿ ದೊಡ್ಡ ಗದ್ದಲ. ಸೊಸೆ ನೆಲುವಿನ ಗಡಿಗೆ ಇಳಿಸಿ ನೋಡಿದರೆ ಬೆಲ್ಲ ತಳ ಕಂಡಿತ್ತು. "ಅತ್ತಿ, ನೀವಽ ತಿಂದೀರಿ!" ಎಂದು ಅವಳು, "ನನ್ನ ಮ್ಯಾಲ ಕಳ್ಳತನ ಹೊರಸ್ತೀಯೇನಽ?" ಎಂದು ಆಯಿ. ಓಣಿ ಕೂಡಿತು, ಅಯ್ಯನವರೂ ಬಂದರು. ನಾನು ಗುಂಪಿನ ಹಿಂದೆ ನಿಂತಿದ್ದೆ. ಆಯಿಯ ಕೋಲು ನನ್ನನ್ನು ಹುಡುಕಿ ತೆಗೆಯಿತು.

"ನೋಡ್ರಪಾ! ಆ ಫೋಟೋ ನೋಡಿದ್ದಕ್ಕ ಬಂದದ ಈ ಅಪವಾದ. ಮಾಸ್ತರನ್ನಽ ಕೇಳ್ರಿ. ಹೇಳೋ, ಖರೇನ ಚೌತಿ ಚಂದ್ರಾಮನ ಫೋಟೋ ಹೌದೋ ಅಲ್ಲೋ?"

ಓಣಿಯೇ ನನ್ನತ್ತ ತಿರುಗಿತು. ಆಕೆ ಅಂದು ಕಟ್ಟೆಯ ಮುಂದೆ ನನ್ನನ್ನು ಕಾಪಾಡಿದ್ದು ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ನನ್ನ ಫೋಟೋವನ್ನು ಜನ ಮೊದಲ ಸಲ ಗಂಭೀರವಾಗಿ ವಿಚಾರಿಸುತ್ತಿದ್ದರು. "ಹೌದ್ರಿ," ಎಂದೆ ಎದೆಯುಬ್ಬಿಸಿ. "ಅಪ್ಪಟ ಚೌತಿ ಚಂದ್ರಾಮಂದ."

"ನಾ ಅವತ್ತಽ ಹೇಳಿದ್ದಿಲ್ಲ?" ಎಂದರು ಅಯ್ಯನವರು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತೆಯ ಕಾಲು ಮುಟ್ಟಿದಳು. ನನ್ನ ಹೆಂಡತಿ ಮನೆಗೆ ಬಂದವಳೇ ಫೋಟೋವನ್ನು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟದ ಮೇಲೆಸೆದಳು. ನನ್ನ ವಿಜ್ಞಾನಕ್ಕೆ ಊರು ಕೊಟ್ಟ ಒಂದೇ ಒಂದು ಮನ್ನಣೆ ಅದು.

ಆ ರಾತ್ರಿ ಉಂಡು ಮಲಗಿದವನಿಗೆ ಲೆಕ್ಕ ಹೊಳೆಯಿತು. ನೀಲಮ್ಮಾಯಿಯ ಮೇಲೆ ಬಂದ ಮಾತು ಸುಳ್ಳಲ್ಲ, ಕಣ್ಣಾರೆ ಕಂಡಿದ್ದೇನೆ. ಕಣ್ಣಾರೆ ಕಂಡಿದ್ದರಿಂದಲೇ ನನ್ನ ಮೇಲೆ ಬಂದ ಮಾತೂ ಪೂರಾ ಸುಳ್ಳಲ್ಲ. ಈ ಇಡೀ ಪ್ರಸಂಗದಲ್ಲಿ ಮಾಡದ ತಪ್ಪಿಗೆ ಅಪವಾದ ಹೊತ್ತವನು ಚಂದ್ರನೊಬ್ಬನೇ, ಅದಕ್ಕೆ ಓಣಿಯ ಮುಂದೆ ನಿಂತು ಸಾಕ್ಷಿ ನುಡಿದವನು ನಾನು. ಮುಂದಿನ ವರ್ಷ ಚೌತಿಯ ಸಂಜೆ ಆಕಾಶ ಮತ್ತೆ ಸ್ವಚ್ಛವಾಗಿತ್ತು. ನಾನು ಹೊತ್ತು ಮುಳುಗುವ ಮೊದಲೇ ಕತ್ತು ಬಗ್ಗಿಸಿ ಮನೆ ಸೇರಿದ್ದನ್ನು ಕಂಡು ಹೆಂಡತಿ, "ಬಂತಲ್ಲ ಬುದ್ಧಿ, ಈಗರ ಹೆದರಿದ್ರಲ್ಲ," ಎಂದು ಹಿಗ್ಗಿದಳು. ನಾನು ಹೌದೆಂದು ತಲೆಯಾಡಿಸಿದೆ. ಹೆದರಿಕೆಯೇನೂ ಇರಲಿಲ್ಲ, ಅವನಿಗೆ ಮುಖ ತೋರಿಸಲು ನಾಚಿಕೆಯಾಗಿತ್ತು.